‘ಬ್ರೇಕ್ ಫೇಲ್ ಆಯ್ತು’ ಎನ್ನುವ ಮೊದಲು

ಬ್ರೇಕ್ ಪೆಡಲ್ ಒತ್ತಿದೆ. ಅದು ಸೀದಾ ತಳ ಮುಟ್ಟಿತು. ಗಾಡಿ ನಿಲ್ಲಲಿಲ್ಲ.

ಕಳೆದ ಸೋಮವಾರ, ಬೆಳಗ್ಗೆ ಹನ್ನೊಂದು ಗಂಟೆ. ಕವಲೇದುರ್ಗದ ಕಡೆಯಿಂದ ತೀರ್ಥಹಳ್ಳಿಗೆ ಬರುವಾಗಿನ ಇಳಿಜಾರು. ಹಿಂದಿನ ಟ್ರೇಲರ್‌ನಲ್ಲಿ ಕರು ಹಾಕಲಾಗದೆ ಒದ್ದಾಡುತ್ತಿದ್ದ ಹಸು. ನನ್ನ ಪಕ್ಕದ ಸೀಟಿನಲ್ಲಿ ಅದನ್ನು ಸಾಕಿದ ಲಕ್ಷ್ಮಮ್ಮ. ಅವರಿಗಿರುವುದು ಅದೊಂದೇ ಹಸು. ಕರು ಅಡ್ಡ ತಿರುಗಿದೆ, ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿದ್ದರು.

ಈ ಗಾಡಿ ನಿಮಗೆ ಗೊತ್ತು. ಕಾಯಿಲೆ ಬಿದ್ದ ದನಗಳನ್ನು ಆಸ್ಪತ್ರೆಗೆ ಸಾಗಿಸಲೆಂದು ಹೋದ ವರ್ಷ ಕೊಂಡ ಸೆಕೆಂಡ್ ಹ್ಯಾಂಡ್ ಡೀಸೆಲ್ ಎಸ್‌ಯುವಿ. (ಇದೇ ಅಂಕಣದಲ್ಲಿ ಅದರ ಬಗ್ಗೆ ಎರಡು ವಾರ ಜಂಬ ಕೊಚ್ಚಿದ್ದೆ!) ಆರಿಸಿಕೊಟ್ಟವರು ರಿಪ್ಪನ್‌ಪೇಟೆಯ ಮೆಕ್ಯಾನಿಕ್ ಇಬ್ರಾಹಿಂ ಸಾಬರು. ಸಾಗರದಲ್ಲಿ ನಾನು ಮೆಚ್ಚಿದ್ದ ಫಳಫಳ ಹೊಳೆಯುವ ಗಾಡಿಯ ಅಡಿಗೆ ಟಾರ್ಚ್ ಹಿಡಿದು ನುಗ್ಗಿದವರು ತಲೆಯಾಡಿಸುತ್ತ ಹೊರಬಂದಿದ್ದರು. "ಚಾಸಿ ತುಕ್ಕು ತಿಂದದೆ. ಟ್ರೇಲರ್ ಕೊಂಡಿನ ಪೇಂಟಿಗೆ ಹಾಕಿ ಎಳೀತೀರಾ?"

ಹೊಸನಗರದಲ್ಲಿ ಸಿಕ್ಕ, ಬಣ್ಣ ಮಾಸಿದ ಈ ಗಾಡಿಗೆ ಒಪ್ಪಿಗೆ ಕೊಟ್ಟರು. ಜತೆಗೆ ಎಚ್ಚರಿಕೆಯನ್ನೂ. "ಏರಲ್ಲಿ ಎಳೆಯೋದು ದೊಡ್ಡದಲ್ಲ ಮಾರಾಯ್ರೆ. ಇಳುಕಲಲ್ಲಿ ಟ್ರೇಲರ್ ಹಿಂದಿಂದ ದೂಡ್ತದೆ. ಬ್ರೇಕ್ ಆಯಿಲ್ ಹಳೇದಾಗಿದೆ, ಮಳೆಗಾಲ ಮುಗಿದ ಕೂಡ್ಲೆ ಬದ್ಲಾಯ್ಸಿ."

ಮಳೆಗಾಲ ಮುಗಿಯಿತು. ಸೀಟಿಗೆ ಹೊಸ ಕವರ್ ಹಾಕಿಸಿದೆ. ಮ್ಯೂಸಿಕ್ ಸಿಸ್ಟಮ್ ಹಾಕಿಸಿದೆ. ಆಯಿಲ್? ಮುಂದಿನ ವಾರ ಎಂದುಕೊಂಡೆ. ಎಷ್ಟು ಮುಂದಿನ ವಾರಗಳು!

ಸೋಮವಾರ ಹಸುವಿನ ನರಳಾಟ ಕೇಳಿ ಅವಸರ ಮಾಡಿದೆ. ಗೇರ್ ಇಳಿಸದೆ ಉದ್ದಕ್ಕೂ ಬ್ರೇಕ್ ಮೇಲೇ ಬಂದೆ. ಕಾದ ಹಳೆ ಆಯಿಲ್ ಕೈಕೊಟ್ಟಿತು. ಗೇರನ್ನು ಎರಡಕ್ಕೆ ಎಳೆದೆ, ಹ್ಯಾಂಡ್‌ಬ್ರೇಕ್ ಎತ್ತಿದೆ, ಗಾಡಿಯನ್ನು ಗುಡ್ಡದ ಬದಿಯ ಮಣ್ಣಿಗೆ ಉಜ್ಜಿಸಿದೆ. (ಇನ್ನೊಂದು ಬದಿಯಲ್ಲಿ ಕಣಿವೆ.) ನಿಂತಿತು. ಟ್ರೇಲರ್ ಓರೆಯಾಗಿ ಹಸು ದಢಾರನೆ ಬಿತ್ತು.

ಲಕ್ಷ್ಮಮ್ಮನ ಹಣೆಯಲ್ಲಿ ರಕ್ತ. ಒರೆಸಿಕೊಳ್ಳಲೂ ಇಲ್ಲ. "ನಂಗೆಂತೂ ಆಗ್ಲಿಲ್ಲ. ಹಸ ನೋಡು, ಹಸ ನೋಡು!"

ದಾರಿಯಲ್ಲಿ ಬಂದ ಪಿಕಪ್ ನಿಲ್ಲಿಸಿ, ಹತ್ತು ಜನ ಸೇರಿ ಹಸುವನ್ನು ಅದಕ್ಕೆ ಏರಿಸಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎರಡು ತಾಸು ಕಳೆದಿತ್ತು. ಹಸು ಉಳಿಯಿತು. ಕರು ಸತ್ತೇ ಹುಟ್ಟಿತು.

"ಬೇಗ ಬಂದಿದ್ದರೆ?" ಎಂದು ಕೇಳಿದೆ.

"ಹೇಳಕ್ಕಾಗಲ್ಲ" ಎಂದರು ಡಾಕ್ಟರು.

ಊರಲ್ಲಿ ಎಲ್ಲರೂ ನನಗೇ ಸಮಾಧಾನ ಹೇಳಿದರು. "ಬ್ರೇಕ್ ಫೇಲಾದ್ರೆ ನೀವಾದ್ರೂ ಎಂತ ಮಾಡ್ತೀರಿ?" ಕೇಳಲು ಎಷ್ಟು ಹಿತ! ಬ್ರೇಕು ತಾನಾಗಿಯೇ ಮನಸ್ಸು ಮಾಡಿ ಕೆಟ್ಟಂತೆ. ಮೋರಿ ಕುಸಿದರೂ, ಕರೆಂಟಿನ ತಂತಿ ಹರಿದು ಬಿದ್ದರೂ ನಾವು ಮಾತಾಡುವುದು ಹೀಗೆಯೇ ಅಲ್ಲವೇ? ತಪ್ಪೆಲ್ಲ ವಸ್ತುಗಳದ್ದು. ಮನುಷ್ಯರದ್ದು ಏನೂ ಇಲ್ಲ.

ಗುರುವಾರ ಲಕ್ಷ್ಮಮ್ಮನ ಮನೆಗೆ ಹೋಗಿ ನಿಜ ಹೇಳಿದೆ. ಆಯಿಲ್ ಬದಲಿಸಲು ಸಾಬರು ಹೇಳಿದ್ದರು, ನಾನು ಬದಲಿಸಿರಲಿಲ್ಲ ಎಂದೆ. ಹಿಂಡಿ ಕಲಸುತ್ತಿದ್ದ ಕೈ ನಿಂತಿತು. ಬಯ್ಯಲಿಲ್ಲ.

"ಈ ಮಾತ ಅವತ್ತು ಹಸ ಹತ್ತಿಸೋ ಮುಂಚೆ ಹೇಳಿದ್ರೆ, ನಾ ಬೇರೆ ಗಾಡಿ ಕರೀತಿದ್ನಲ್ಲಾ?"