ಬೊಗಳಿದ್ದು ಕೇಳಿಸಿದವರ ಗ್ರಾಮಸಭೆ

ಗೆಳೆಯರೇ, ಇವತ್ತು ಗುಳೇದಗುಡ್ಡದ ಹತ್ತಿರದ ಹಳ್ಳಿಯೊಂದರ ಗ್ರಾಮಸಭೆಗೆ ಅತಿಥಿಯಾಗಿ ಹೋದ ನನ್ನ ಬಾಯಿ ಕಟ್ಟಿಹೋಯಿತು.

ಪರವೂರಿಗೆ ಹೋಗುವವರು ಬಿಟ್ಟುಹೋಗುವ ನಾಯಿಗಳನ್ನು ನೋಡಿಕೊಳ್ಳಲು ರೆಹಾನಾ ಊರ ತುದಿಯಲ್ಲಿರುವ ತನ್ನ ಮನೆ ಪಕ್ಕದ ಖಾಲಿ ಜಾಗದಲ್ಲಿ ಶೆಡ್ಡು ಹಾಕಲು ಅನುಮತಿ ಕೇಳಿದ್ದಳು. ಊರ ನಡುವಿನ ದೊಡ್ಡ ಮನೆಯ ಗೌಡರು ಗುಡುಗಿದರು: “ಇಡೀ ಊರ ನಿದ್ದಿ ಹಾಳಾಗ್ತೈತಿ. ಆಗಂಗಿಲ್ಲ.” ದುಡಿಯುವ ಹೆಣ್ಣಿಗೆ ಅಡ್ಡಗಾಲು ಹಾಕುವವರ ಜನ್ಮ ಜಾಲಾಡಲು ನಾನು ಮೈಕು ಹಿಡಿದೆ.

ಆ ಜಾಗದ ಗೋಡೆಯಾಚೆಯ ಮನೆಯಲ್ಲಿ ಖಣದ ರವಿಕೆ ಬಟ್ಟೆ ನೇಯುವ ಯಲ್ಲವ್ವ ಎದ್ದಳು. “ಇಬ್ಬರೂ ಸುಮ್ಕ ಕುಂದರ್ರಿ. ರೆಹಾನಾ, ನಿನ್ನ ನಾಯಿ ಅಲ್ಲಿ ಕಟ್ಟವಾ. ಎಲ್ಲಾರೂ ಮನಿಗೆ ಹೋಗ್ರಿ. ಬೊಗಳಿದ್ದು ಮನ್ಯಾಗ ಕೇಳಿದವರಷ್ಟ ತಿರುಗಿ ಬಂದು ಮಾತಾಡ್ರಿ.”

ನಾಯಿಗಳು ಗಂಟಲು ಹರಿಯುವಂತೆ ಬೊಗಳಿದವು. ಮಾತಾಡಲು ತಿರುಗಿ ಬಂದವಳು ಯಲ್ಲವ್ವ ಒಬ್ಬಳೇ. ಗೌಡರು ಸುಳ್ಳು ಹೇಳಿ ಬರಬಹುದಿತ್ತು. ಬರಲಿಲ್ಲ.

ಖಾಲಿ ಕುರ್ಚಿಗಳ ಮುಂದೆ ಆಕೆ ಹೇಳಿದಳು: “ಮಗಳು ಬಾಣಂತಿ ಅದಾಳ. ಕೂಸು ಬೆಚ್ಚಿ ಎದ್ದೈತಿ. ಇಲ್ಲಿ ಬ್ಯಾಡವಾ.”

ನಾಯಿ ಕಟ್ಟಿ ಬಂದಿದ್ದ ರೆಹಾನಾ ತನ್ನ ಅರ್ಜಿ ಮಡಚಿಕೊಂಡಳು. “ಆತ ದೊಡ್ಡವ್ವ. ಹಳ್ಳದ ಆಚಿ ಜಾಗಾ ಹುಡುಕ್ತೇನಿ.”

ಮನೆಯಲ್ಲೇ ಉಳಿದ ಇಡೀ ಊರು ಆ ಒಬ್ಬಳ ಮಾತಿಗೆ ಒಪ್ಪಿತು. ಪ್ರಜಾಪ್ರಭುತ್ವ ಬೇಕೆಂದು ಬೀದಿಬೀದಿಯಲ್ಲಿ ಕೂಗಿದವನು ನಾನು. ಅದು ಎದುರಿಗೇ ಬಂದು, ಮೊದಲು ನನ್ನನ್ನೇ ಕೂರಿಸಿತು.