ಮಗ್ಗದಾಚೆಯ ಪ್ಲಗ್ಗು

ಕಲ್ಯಾಣದುರ್ಗದ ನಮ್ಮಕ್ಕನ ಮನೆಯಲ್ಲಿ, ಮಗ್ಗದ ಕೋಣೆಯ ಒಳಮೂಲೆಯ ಗೋಡೆಗೆ, ಕುಂಕುಮದ ಭರಣಿಗಿಂತ ತುಸುವೇ ದಪ್ಪಗಿರುವ ಬಿಳಿಯ ಪ್ಲಗ್ಗೊಂದು ಕಚ್ಚಿಕೊಂಡು ಕೂತಿದೆ. ಅದನ್ನು ಅಲ್ಲಿ ಸಿಕ್ಕಿಸಿದವನು ನಾನೇ ಆದ್ದರಿಂದ ಮುಂದಿನ ಮಾತುಗಳಲ್ಲಿ ಒಂದಿಷ್ಟು ಜಂಬ ಇಣುಕಿದರೆ, ಗೆಳೆಯರಾದ ನೀವು ಸಹಿಸಿಕೊಳ್ಳಬೇಕು. ಅದರ ಕೆಲಸ ಇಷ್ಟೇ. ಇಂಟರ್ನೆಟ್ಟಿನ ಡಬ್ಬಿ, ಅಂದರೆ ರೂಟರು, ಇದರ ಮೂಲಕವೇ ಕರೆಂಟು ಕುಡಿಯುತ್ತದೆ. ಪ್ಲಗ್ಗು ಆಗಾಗ ಹೊರಗಿನ ಲೋಕವನ್ನೊಮ್ಮೆ ಮೆಲ್ಲಗೆ ಕೂಗಿ ನೋಡುತ್ತದೆ. ಆ ಕಡೆಯಿಂದ ಓಗೊಟ್ಟರೆ ತೆಪ್ಪಗಿರುತ್ತದೆ. ಕೂಗಿ ಕೂಗಿ ಉತ್ತರ ಬಾರದಿದ್ದರೆ ರೂಟರಿಗೆ ಮಂಕು ಬಡಿದಿದೆಯೆಂದು ತಿಳಿದು, ಅದರ ಕರೆಂಟನ್ನು ತಾನೇ ಕಡಿದು, ಕೊಂಚ ಹೊತ್ತು ಸುಮ್ಮನಿದ್ದು, ಮತ್ತೆ ಕೊಡುತ್ತದೆ. ರೂಟರು ಒಂದೊಂದೇ ದೀಪ ಹೊತ್ತಿಸಿಕೊಂಡು ಎದ್ದು ನಿಲ್ಲುತ್ತದೆ. ಇಷ್ಟನ್ನೂ ಯಾರ ಅಪ್ಪಣೆಗೂ ಕಾಯದೆ, ಯಾರಿಗೂ ಹೇಳಿಕೊಳ್ಳದೆ ಮಾಡಿ ಮುಗಿಸಿರುತ್ತದೆ.

ಆಫ್ ಮಾಡಿ ಆನ್ ಮಾಡುವುದು ನಮ್ಮ ಸೀಮೆಯ ಸರ್ವರೋಗ ನಿವಾರಕ ಔಷಧಿ ಎಂಬುದು ನಿಮಗೂ ಗೊತ್ತು. ಮಿಕ್ಸಿ ಮುನಿಸಿಕೊಂಡರೆ, ಟೀವಿ ಕಣ್ಣು ಮುಚ್ಚಿದರೆ, ಬ್ಯಾಂಕಿನ ಕಂಪ್ಯೂಟರು ಪರಬ್ರಹ್ಮವನ್ನು ಧ್ಯಾನಿಸುತ್ತಾ ಕೂತರೆ, ಕನ್ನಡದವರೂ ತೆಲುಗಿನವರೂ ಒಂದೇ ಕಂಠದಿಂದ ಹೇಳುವ ಮಾತು ಅದು. ಕೇಬಲ್ಲಿನವರಿಗೆ ಫೋನು ಮಾಡಿದರೆ ಹಲೋ ಎನ್ನುವುದಕ್ಕೆ ಮೊದಲೇ ಅದನ್ನು ಹೇಳಿಬಿಡುತ್ತಾರೆ. ನಾನು ಹಿಂದೂಪುರದಲ್ಲಿ ಜರಿ, ರೇಷ್ಮೆ ನೂಲು, ಸೀರೆಯ ಕುಚ್ಚಿನ ಸಾಮಾನು ಮಾರುವ ಒಂದು ಪುಟ್ಟ ಅಂಗಡಿಯನ್ನು ಇಟ್ಟುಕೊಂಡಿದ್ದೇನೆ. ನಮ್ಮ ಹಿರಿಯರು ನೇಯ್ದರು, ನಾನು ನೇಯುವವರಿಗೆ ನೂಲು ಮಾರುತ್ತೇನೆ. ಕೈಗಳು ನುಣುಪಾಗಿವೆ, ನಾಲಿಗೆ ಉದ್ದವಾಗಿದೆ. ಮಧ್ಯಾಹ್ನದ ಬಿಸಿಲಿಗೆ ಗಿರಾಕಿಗಳು ಬರುವುದಿಲ್ಲವಾದ್ದರಿಂದ ಯಂತ್ರಗಳ ಬಗ್ಗೆ ಓದುವುದಕ್ಕೆ ನನಗೆ ಧಾರಾಳವಾಗಿ ಪುರುಸೊತ್ತು ಸಿಗುತ್ತದೆ. ಆದರೆ ಈ ಪ್ಲಗ್ಗನ್ನು ನಾನು ಶೋಕಿಗೆ ಕೊಂಡವನಲ್ಲ. ಅದರ ಹಿಂದೆ ನಮ್ಮಕ್ಕನ ಮಾತು ಇದೆ.

ನಮ್ಮಕ್ಕ ಪಾರ್ವತಿ ನೇಕಾರರ ಮನೆಗೇ ಸೊಸೆಯಾಗಿ ಹೋದವಳು. ಮಗ್ಗದ ಲಟಪಟದ ಮೇಲೆ ತನ್ನ ದನಿಯನ್ನು ಎತ್ತಿ ಆಡಿ ಆಡಿ, ಬೀದಿಯ ಕೊನೆಯವರೆಗೂ ಕೇಳುವಂಥ ಕಂಠ ಅವಳದು. ಈಚೆಗೊಂದು ಜ್ವರ ಬಂತು. ಜ್ವರ ಹೋಗುವಾಗ ಅವಳ ಎರಡೂ ಕಿವಿಗಳನ್ನು ತನ್ನ ಜೊತೆಗೇ ಕಟ್ಟಿಕೊಂಡು ಹೋಯಿತು. ಕಿವಿ ಕೇಳದಿದ್ದರೇನು, ಮಾತಿಗೇಕೆ ಹಿಂಜರಿಯಬೇಕು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಆದರೆ ತನ್ನ ದನಿ ತನಗೇ ಕೇಳದಿದ್ದಾಗ ಅದು ಹೆಚ್ಚಾಯಿತೋ ಕಡಿಮೆಯಾಯಿತೋ, ಅಕ್ಷರ ಜಾರಿತೋ ಉಳಿಯಿತೋ ತಿಳಿಯುವುದಿಲ್ಲ. ಎದುರಿಗಿದ್ದವರ ಹುಬ್ಬು ಒಂಚೂರು ಗಂಟಿಕ್ಕಿದರೆ ಸಾಕು, ಆಡಿದ್ದು ಕೆಟ್ಟಿತೆಂದು ನಾಚಿಕೆ. ಹೀಗಾಗಿ ಅಕ್ಕ ದಿನದಿನಕ್ಕೆ ಮಾತು ಕಡಿಮೆ ಮಾಡುತ್ತಾ ಬಂದಳು. ಮಾತು ಕಲಿಸುವ ಟೀಚರಮ್ಮನೊಬ್ಬರು ಸ್ಪಷ್ಟವಾಗಿಯೇ ಎಚ್ಚರಿಸಿದರು: ದಿನವೂ ಯಾರದಾದರೂ ಮುಖ ನೋಡಿಕೊಂಡು ಬಾಯಿ ಬಿಟ್ಟು ಆಡುತ್ತಿರಬೇಕು, ಇಲ್ಲವಾದರೆ ಕಿವಿಯ ಹಿಂದೆಯೇ ದನಿಯೂ ಹೊರಟುಹೋಗುತ್ತದೆ. ಆ ಮಾತು ಕೇಳಿ ನನಗೆ ನಿಜವಾಗಿಯೂ ಭಯವಾಯಿತು. ಅವಳ ದನಿಯಿಲ್ಲದ ಮನೆಯನ್ನು ನನಗೆ ಊಹಿಸಿಕೊಳ್ಳುವುದಕ್ಕೂ ಆಗಲಿಲ್ಲ.

ಹಾಗಾಗಿ ದಿನವೂ ಊಟವಾಗಿ ಮಗ್ಗ ನಿಂತ ಹೊತ್ತಿಗೆ ವೀಡಿಯೋದಲ್ಲಿ ನಾವಿಬ್ಬರೂ ಕೂತು ಮಾತಾಡುವುದೆಂದು ಗೊತ್ತುಮಾಡಿಕೊಂಡೆವು. ಮೊದಲ ದಿನವೇ ಅಕ್ಕ ಬೆರಳಲ್ಲಿ ತನ್ನ ಮೇಲ್ದುಟಿಯನ್ನು ತೋರಿಸಿ ಕತ್ತರಿಯ ಸನ್ನೆ ಮಾಡಿದಳು. ನನ್ನ ಮೀಸೆ ತುಟಿಯನ್ನು ಮುಚ್ಚುತ್ತದೆ, ತುಟಿ ಕಾಣದೆ ಮಾತು ತಿಳಿಯುವುದಿಲ್ಲ. ಕಾಲೇಜಿನ ದಿನಗಳಿಂದ ಎಣ್ಣೆ ಹಚ್ಚಿ ಸಾಕಿದ ಮೀಸೆಯನ್ನು ಅಂದೇ ಸಂಜೆ ತೆಗೆಸಿಬಿಟ್ಟೆ. ಬಜಾರಿನಲ್ಲಿ ಒಂದು ವಾರ ನನ್ನನ್ನು ಯಾರೂ ಗುರುತು ಹಿಡಿಯಲಿಲ್ಲ, ಹಿಡಿದವರು ನಕ್ಕರು. ಅಕ್ಕ ಮಾತ್ರ ನನ್ನ ಬೋಳು ತುಟಿಯನ್ನು ನೋಡಿ ನೋಡಿ ಒಂದೊಂದು ಮಾತು ಆಡತೊಡಗಿದಳು.

ಆಗ ಅಡ್ಡ ಬಂದದ್ದು ರೂಟರು. ಕಲ್ಯಾಣದುರ್ಗದ ಕರೆಂಟಿಗೆ ಹೋಗಿಬರುವ ಅಭ್ಯಾಸ ಉಂಟು. ಒಂದು ಕ್ಷಣ ಕಣ್ಣು ಹೊಡೆದು ಬಂದಾಗಲೆಲ್ಲ ಈ ಡಬ್ಬಿ ದೀಪಗಳನ್ನೆಲ್ಲ ಹೊತ್ತಿಸಿಕೊಂಡೇ ಜಡವಾಗಿ ಕೂತುಬಿಡುತ್ತಿತ್ತು. ಕಲ್ಲುಗೋಡೆಯ ಆ ಮನೆಯೊಳಕ್ಕೆ ಮೊಬೈಲಿನ ಸಿಗ್ನಲ್ಲು ಹೊಗುವುದೇ ಇಲ್ಲ. ನಾವು ಬಳಸುತ್ತಿದ್ದದ್ದು ಟೀಚರಮ್ಮ ಹಾಕಿಕೊಟ್ಟ ಮೀಟಿಂಗಿನ ಆ್ಯಪು. ಸಂಪರ್ಕ ಕಡಿದುಹೋದಾಗ ಅದು ಮುಖವನ್ನು ಇದ್ದಂತೆಯೇ ಹಿಡಿದಿಟ್ಟುಕೊಂಡು, ಸಂಪರ್ಕ ಬಂದಾಗ ತಾನೇ ಮತ್ತೆ ಜೋಡಿಸುತ್ತದೆ. ಕಿವಿ ಕೇಳುವವರಿಗಾದರೆ ದನಿ ನಿಂತದ್ದು ಗೊತ್ತಾಗುತ್ತದೆ. ಅಕ್ಕನಿಗೆ ಕಂಡದ್ದು ನನ್ನ ಮುಖ ಮಾತ್ರ: ಅರ್ಧ ಮುಚ್ಚಿದ ಕಣ್ಣು, ಸೊಟ್ಟ ಬಾಯಿ, ಅಲುಗಾಡದ ಹುಬ್ಬು. ತನ್ನ ಮಾತು ಕೇಳಿ ತಮ್ಮ ಹೇಸಿಕೊಂಡನೆಂದು ಅವಳು ತಿಳಿದಳು.

ಮರುದಿನ ಅವಳ ಅತ್ತೆ ಗಂಗಮ್ಮ ಸಿಗ್ನಲ್ಲು ಹುಡುಕಿಕೊಂಡು ಬೀದಿಗೆ ಬಂದು ನನಗೆ ಫೋನು ಮಾಡಿದರು. "ಏನಪ್ಪಾ, ನಮ್ ಪಾರ್ವತಿ ಅಂತಾದ್ದೇನಂದ್ಬುಟ್ಲು ಅಂತ ಹಂಗ್ ಮೊಕ ಸೊಟ್ಟ ಮಾಡ್ಕಂಡ್ ಕುಂತ್ಬುಟ್ಟೆ? ನಿನ್ನೆಯಿಂದ ಬಾಯೇ ಬಿಟ್ಟಿಲ್ಲ ಕಣಪ್ಪ. ಅನ್ನ ಬೇಕಾ ಅಂದ್ರೂ ಕೈನಾಗೇ ತೋರುಸ್ತಾವ್ಳೆ."

ರೂಟರನ್ನು ಆಫ್ ಮಾಡಿ ಆನ್ ಮಾಡಿದರೆ ಮುಗಿಯಿತಲ್ಲ ಎನ್ನುತ್ತೀರಿ. ಅಲ್ಲಿಯೇ ಇರುವುದು ನೇಕಾರರ ಮನೆಯ ಸೊಗಸು. ನಮ್ಮಲ್ಲಿ ಅಮಾವಾಸ್ಯೆಗೆ ಮಗ್ಗಕ್ಕೆ ಬಿಡುವು. ಕೇಬಲ್ಲಿನವರು ಬಂದದ್ದು ಅಂಥದೊಂದು ಅಮಾವಾಸ್ಯೆಯ ದಿನ, ಅದೂ ಹಳೆಯ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೂ ಬಿಗಿದ ಎಳೆಗಳು, ನೇಯ್ದು ಮುಗಿದು ಕೋಣೆ ಬಯಲಾಗಿದ್ದಾಗ. ಭಾವ ಬಹಳ ಯೋಚನೆ ಮಾಡಿ, ಮಕ್ಕಳ ಕೈಗೂ ಬೆಕ್ಕಿಗೂ ಸಿಗದ ಒಳಮೂಲೆಯನ್ನು ತೋರಿಸಿ ಡಬ್ಬಿಯನ್ನು ಅಲ್ಲಿ ಹೊಡೆಸಿದರು. ಮರುದಿನ ಹೊಸ ಹಾಸು ಏರಿತು. ಗೋಡೆಯಿಂದ ಗೋಡೆಗೆ ಸಾವಿರಾರು ರೇಷ್ಮೆಯ ಎಳೆಗಳು ಬಿಗಿದು ನಿಂತ ಮೇಲೆ ಆ ಮೂಲೆ ಪರದೇಶವಾಯಿತು. ಹಾಸನ್ನು ಯಾರೂ ದಾಟುವುದಿಲ್ಲ. ಮಗುವಿರಲಿ, ಮನೆಯ ಯಜಮಾನನಿರಲಿ, ಅದು ಆ ಮನೆಯ ಕಟ್ಟಳೆ. ಡಬ್ಬಿಯನ್ನು ಮುಟ್ಟಬೇಕಾದರೆ ಎಳೆಗಳ ಕೆಳಗೆ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಬೇಕು. ಭಾವನಿಗೆ ತೆವಳುವುದಕ್ಕೆ ಅಭ್ಯಂತರವಿರಲಿಲ್ಲ, ಹೊಟ್ಟೆಗೆ ಇತ್ತು. ಮನೆಯ ಮೇನನ್ನೇ ಆರಿಸಿ ಹೊತ್ತಿಸೋಣವೆಂದರೆ, ದೀಪ ಹೊತ್ತಿಸಿಕೊಂಡೇ ಕೂತ ಡಬ್ಬಿ ಯಾವಾಗ ಜಡವಾಯಿತೆಂದೇ ಯಾರಿಗೂ ತಿಳಿಯುತ್ತಿರಲಿಲ್ಲ. ಜಾಗ ಬದಲಿಸಿಕೊಡಿ ಎಂದರೆ ಕೇಬಲ್ಲಿನವರು "ರೇಪು ವಸ್ತಾಂ" ಎನ್ನುತ್ತಿದ್ದರು, ಅವರ ನಾಳೆ ಇವತ್ತಿಗೂ ಬಂದಿಲ್ಲ.

ಹೀಗೆ ನಾನು ಆ ಬಿಳಿಯ ಪ್ಲಗ್ಗನ್ನು ಜೇಬಿನಲ್ಲಿಟ್ಟುಕೊಂಡು ಮಡಕಶಿರಾ, ಪಾವಗಡ ಎಂದು ಬಸ್ಸು ಬದಲಿಸುತ್ತಾ ಹೊರಟೆ. ಆ ದಾರಿಯಲ್ಲಿ ಆಂಧ್ರದಿಂದ ಕರ್ನಾಟಕಕ್ಕೆ ಹೋಗಿ, ಕರ್ನಾಟಕದಿಂದ ಮತ್ತೆ ಆಂಧ್ರಕ್ಕೇ ಇಳಿಯುತ್ತೇವೆ. ಬಸ್ಸಿನೊಳಗಿನ ಮಾತು ಮಾತ್ರ ಎಲ್ಲಿಯೂ ಗಡಿ ಕಾಣದೆ ಎರಡು ನುಡಿಗಳಲ್ಲೂ ಓಡಾಡಿಕೊಂಡಿರುತ್ತದೆ. ಅಕ್ಕ ಬಾಗಿಲಲ್ಲಿ ನನ್ನನ್ನು ಕಂಡು ಕಣ್ಣರಳಿಸಿದಳು, ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು, ಮಜ್ಜಿಗೆ ಕೊಟ್ಟಳು. ಮಾತಾಡಲಿಲ್ಲ. ಸಿಟ್ಟಲ್ಲ ಅದು, ಸಂಕೋಚ ಎಂಬುದು ಅವಳು ನನ್ನ ಹುಬ್ಬನ್ನೇ ನೋಡುತ್ತಿದ್ದುದರಿಂದ ನನಗೆ ತಿಳಿಯಿತು.

ಭಾವ ನನಗೊಂದು ಹಳೆಯ ಲುಂಗಿ ಕೊಟ್ಟರು. ಪ್ಲಗ್ಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಾನು ಹಾಸಿನ ಕೆಳಗೆ ತೆವಳಿದೆ. ಕೆಳಗಿನಿಂದ ನೋಡಿದರೆ ಆ ರೇಷ್ಮೆ ಎಷ್ಟು ಚೆಂದ ಕಾಣುತ್ತದೆಂದು ಎರಡು ತಲೆಮಾರು ನೂಲಿನಲ್ಲೇ ಬದುಕಿದ ಮನೆಯವನಾದ ನನಗೂ ಗೊತ್ತಿರಲಿಲ್ಲ. ಕಿಟಕಿಯ ಬೆಳಕು ಅದರೊಳಗಿಂದ ಸೋಸಿಕೊಂಡು ಬೆನ್ನ ಮೇಲೆ ಬೀಳುತ್ತಿತ್ತು. "ಮೆಲ್ಲಗಾ, ಮೆಲ್ಲಗಾ! ತಲೆ ಎತ್ಬ್ಯಾಡ ಭಾಮೈದ, ಒಂದೆಳೆ ಕಡದ್ರೆ ನಿನ್ನ ಅಲ್ಲೇ ಬಿಟ್ಬುಟ್ಟು ನೇಯ್ತೀನಿ," ಎಂದು ಭಾವ ಆಚೆ ನಿಂತು ನಗುತ್ತಿದ್ದರು. ಪ್ಲಗ್ಗು ಸಿಕ್ಕಿಸಿ, ರೂಟರನ್ನು ಅದಕ್ಕೆ ಜೋಡಿಸಿ, ಮತ್ತೆ ತೆವಳಿ ಈಚೆ ಬಂದು, ಫೋನಿನಲ್ಲಿ ಅದಕ್ಕೆ ಹೇಳಬೇಕಾದ ಬುದ್ಧಿಯನ್ನೆಲ್ಲ ಹೇಳಿದೆ. ಹೊರಲೋಕ ಓಗೊಡದಿದ್ದರೆ ತಡಮಾಡಬೇಡ, ಎಬ್ಬಿಸು. ಎದ್ದಿತೋ ಇಲ್ಲವೋ ಎಂದು ಕೂಡಲೇ ವಿಚಾರಿಸು. ಅಕ್ಕನ ಮಾತು ಒಂದು ಕ್ಷಣವೂ ತುಂಡಾಗಬಾರದೆಂಬ ಆತುರ ನನ್ನದು.

ಎಲ್ಲರೂ ಹಾಸಿನ ಈಚೆ ಕೂತು ನೋಡಿದೆವು. ರೂಟರು ಜಡವಾಗಲೆಂದು ಭಾವ ಮೇನಿನ ಸ್ವಿಚ್ಚನ್ನು ಚಕಚಕನೆ ಆಡಿಸಿದರು. ಅದೂ ಹೇಳಿ ಮಾಡಿಸಿದಂತೆ ಜಡವಾಯಿತು. ಪ್ಲಗ್ಗು ಕರೆಂಟು ಕಡಿಯಿತು, ಕೊಟ್ಟಿತು. ರೂಟರಿನ ಮೊದಲ ದೀಪ ಹೊತ್ತಿತು, ಎರಡನೆಯದು ಮಿಣುಕಿತು, ಅಷ್ಟರಲ್ಲಿ ಎಲ್ಲವೂ ಆರಿದವು. ಮತ್ತೆ ಮೊದಲ ದೀಪ, ಮತ್ತೆ ಎರಡನೆಯದರ ಮಿಣುಕು, ಮತ್ತೆ ಕತ್ತಲು. ನನ್ನ ಪ್ಲಗ್ಗು ರೂಟರನ್ನು ಎಬ್ಬಿಸುವುದೂ ಮಲಗಿಸುವುದೂ ಒಂದೇ ಸಮನೆ ನಡೆಸಿತು. ನಾನು ಫೋನನ್ನು ಒತ್ತುತ್ತಾ ಬೆವರಿದೆ. ಭಾವ ಕಂಪನಿಯನ್ನು ಬೈದರು, ಗಂಗಮ್ಮನವರು ದೃಷ್ಟಿ ತಾಗಿದೆ ಎಂದರು, ಮೂವರೂ ಒಟ್ಟಿಗೆ ಮಾತಾಡುತ್ತಿದ್ದೆವು.

ಆಗ ಪಕ್ಕದಿಂದ ಒಂದು ದನಿ ಬಂತು. ಗಡುಸಾಗಿ, ಬೇಕಾದದ್ದಕ್ಕಿಂತ ಜೋರಾಗಿ. "ತಡೀ. ಅದು ಏಳ್ಲಿ."

ಅಕ್ಕ ದೀಪಗಳನ್ನೇ ನೋಡುತ್ತಿದ್ದಳು. ನಮಗೆ ಗಡಿಬಿಡಿಯಲ್ಲಿ ಕಾಣದಿದ್ದದ್ದು ನಮ್ಮ ಗದ್ದಲ ಕೇಳಿಸದ ಅವಳಿಗೆ ಕಂಡಿತ್ತು. ರೂಟರು ಎದ್ದು ಲೋಕದೊಡನೆ ಮಾತಾಡುವುದಕ್ಕೆ ಅದರದೇ ಆದ ಹೊತ್ತು ಬೇಕು. ಆ ಹೊತ್ತು ಮುಗಿಯುವ ಮೊದಲೇ ನನ್ನ ಪ್ಲಗ್ಗು ಎದ್ದೆಯಾ ಎಂದು ಕೇಳಿ, ಉತ್ತರ ಬರಲಿಲ್ಲವೆಂದು ಮತ್ತೆ ಕೆಡವುತ್ತಿತ್ತು. ಪ್ಲಗ್ಗಿಗೆ ಕಾಯುವ ಹೊತ್ತನ್ನು ಧಾರಾಳವಾಗಿ ಏರಿಸಿದೆ. ದೀಪಗಳು ಒಂದಾದ ಮೇಲೊಂದು ಹೊತ್ತಿ, ಮಿಣುಕಿ, ನೆಲೆನಿಂತವು. ಗಂಗಮ್ಮನವರು ಅದಕ್ಕೆ ಕೈಮುಗಿದರು.

ಅಲ್ಲಿಂದೀಚೆಗೆ ಅಂಗಡಿಯ ಗಲ್ಲೆಯ ಹಿಂದೆ ಕೂತು ನಾನು ಆ ಪ್ಲಗ್ಗನ್ನು ನೆನೆದದ್ದಕ್ಕೆ ಲೆಕ್ಕವಿಲ್ಲ. ಬಿದ್ದವರನ್ನು ಎಬ್ಬಿಸುವವರು ಈ ಲೋಕದಲ್ಲಿ ಕಡಿಮೆಯೇನಲ್ಲ, ನಾವೆಲ್ಲ ಧಾವಿಸಿ ಬರುತ್ತೇವೆ. ಎಬ್ಬಿಸಿದ ಮೇಲೆ ಅವರು ತಮ್ಮ ಕಾಲ ಮೇಲೆ ತಾವು ನಿಲ್ಲುವ ತನಕ ಸುಮ್ಮನೆ ಪಕ್ಕದಲ್ಲಿರುವುದು ನಮಗೆ ಬಾರದ ವಿದ್ಯೆ. ಅಕ್ಕ ಒಂದು ಮಾತಿಗೆ ಬಾಯಿ ತೆರೆಯುತ್ತಿದ್ದಂತೆಯೇ, ಪ್ರೀತಿಯಿಂದಲೇ, ಏನು, ಏನಂದೆ, ಇನ್ನೊಂದ್ಸಲ ಹೇಳು ಎಂದು ಇಡೀ ಮನೆ ಅವಳ ಮೇಲೆ ಬೀಳುತ್ತಿತ್ತು. ಒಂದು ಅಕ್ಷರವನ್ನು ನಾಲಿಗೆಯ ನೆನಪಿನಿಂದಲೇ ಹುಡುಕಿ ತೆಗೆಯಬೇಕಾದವಳು ಪ್ರತಿ ಸಲವೂ ಮೊದಲಿನಿಂದ ಹುಡುಕಬೇಕಾಗುತ್ತಿತ್ತು. ಎರಡನೆಯ ದೀಪದ ತನಕ ಅವಳು ಎಷ್ಟು ಸಲ ಬಂದಿದ್ದಳೋ ಏನೋ. ಪ್ಲಗ್ಗಿಗೆ ನಾನು ಕೊನೆಗೆ ಕೊಟ್ಟ ಕಾಯುವ ಬುದ್ಧಿಯನ್ನು ಭಾವನಿಗೂ ಗಂಗಮ್ಮನವರಿಗೂ ಹೇಳಿದೆ, ಎಲ್ಲಕ್ಕಿಂತ ಹೆಚ್ಚಾಗಿ ನನಗೆ ಹೇಳಿಕೊಂಡೆ. ನನ್ನಂಥ ವಾಚಾಳಿಗೆ ಸುಮ್ಮನಿರುವುದು ಮೀಸೆ ತೆಗೆಸಿದ್ದಕ್ಕಿಂತ ಕಷ್ಟವಾಯಿತು. ಆದರೂ ಅಂಗೈಯೊಳಗೆ ಅಡಗುವ ಒಂದು ವಸ್ತು ದಿನವೂ ಮಾಡುವುದನ್ನು ನಾನು ಮಾಡಲಾರೆನೇ ಎಂದು ಹಟ ಹಿಡಿದೆ. ನೋಡಿ, ಅದರ ಮೇಲಿನ ನನ್ನ ಮೆಚ್ಚುಗೆಯಲ್ಲಿ ಸ್ವಲ್ಪ ಅಸೂಯೆಯೂ ಬೆರೆತಿದೆ.

ಪ್ಲಗ್ಗಿಗೆ ಮಹತ್ವಾಕಾಂಕ್ಷೆ ಇಲ್ಲ. ಇಡೀ ಊರಿನ ಕರೆಂಟೇ ಹೋದರೆ ತಾನೂ ತೆಪ್ಪಗೆ ಮಲಗುತ್ತದೆ, ಬಂದಾಗ ಹಿಂದಿನದನ್ನೇನೂ ಎತ್ತಿ ಆಡದೆ ಕೆಲಸಕ್ಕೆ ತೊಡಗುತ್ತದೆ. ರೂಟರು ಇವತ್ತು ಎಷ್ಟು ಸಲ ಬಿದ್ದಿತೆಂದು ಬೇಸರಿಸಿಕೊಳ್ಳುವುದಿಲ್ಲ. ಅಕ್ಕನೂ ಅದರ ನಡೆಯನ್ನು ಬೇಗ ಅರಿತಳು. ನನ್ನ ಮುಖ ಸೊಟ್ಟಗೆ ನಿಂತರೆ ಈಗ ಅವಳು ನನ್ನ ಹುಬ್ಬನ್ನು ನೋಡುವುದಿಲ್ಲ. ತಲೆ ತಿರುಗಿಸಿ ಹಾಸಿನಾಚೆ ನೋಡುತ್ತಾಳೆ. ದೀಪ ಆರಿದ್ದರೆ ತಪ್ಪು ಮೂಲೆಯದು, ತನ್ನದಲ್ಲ. ಮಾತು ಮೆಲ್ಲಗೆ ಮರಳಿತು, ಒಂದೊಂದು ಪದವಾಗಿ, ಆಮೇಲೆ ಒಂದೊಂದು ಗೊಣಗಾಟವಾಗಿ.

ಈ ಬೇಸಿಗೆಯ ಒಂದು ಮಧ್ಯಾಹ್ನ ಬ್ರಹ್ಮಸಮುದ್ರದ ಮದುವೆಗೆ ಹೋಗಿ ಬಂದದ್ದನ್ನು ಅಕ್ಕ ಹೇಳತೊಡಗಿದ್ದಳು. ಆ ಮದುವೆಗೆ ಹೋಗಲು ಅವಳು ಎಷ್ಟು ಹೆದರಿದ್ದಳೆಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಎಂದಿನಂತೆ ಅವಳ ಚಿತ್ರ ನಿಂತುಹೋಯಿತು. ನಾನು ಪ್ಲಗ್ಗಿನ ಮೇಲೆ ಭಾರ ಹಾಕಿ, ಜರಿಯ ಉಂಡೆಗಳನ್ನು ಜೋಡಿಸುತ್ತಾ ಕಾದೆ. ಸ್ವಲ್ಪ ಹೊತ್ತಿಗೆ ಸಂಪರ್ಕ ಬಂತು. ಚಿತ್ರ ಇನ್ನೂ ನಿಂತೇ ಇತ್ತು, ದನಿ ಮೊದಲು ಬಂದುಬಿಟ್ಟಿತು. ಅಕ್ಕ ಮಾತಾಡುತ್ತಿದ್ದಳು. ಅವಳು ನಿಲ್ಲಿಸಿಯೇ ಇರಲಿಲ್ಲ. ದೀಪ ಆರಿದ್ದು ಗೊತ್ತಿದ್ದೂ, ನನ್ನ ಸೊಟ್ಟ ಮುಖವನ್ನೇ ಎದುರಿಗಿಟ್ಟುಕೊಂಡು, ಅಲ್ಲಲ್ಲಿ ಅಕ್ಷರ ಜಾರಿದರೂ ಲೆಕ್ಕಿಸದೆ, ಬೀದಿಯ ಕೊನೆಗೆ ಕೇಳುವ ಆ ಹಳೆಯ ಕಂಠದಲ್ಲಿ ಹೇಳಿಕೊಂಡು ಹೋಗುತ್ತಿದ್ದಳು. "...ಬಡಿಸೋನು ನಮ್ಮತ್ತೇನ ಕೇಳ್ತಾನೆ, ಅವ್ರಿಗೆ ಸಾರು ಹಾಕ್ಲಾ ಅಂತ. ನಾನು ಎಲೆ ಮುಂದೆ ಕುಂತಿವ್ನಿ! ನನ್ನೇ ಕೇಳಪ್ಪಾ ಅಂದ್ಬುಟ್ಟೆ ಕಣ್ಲಾ. ಪಂಕ್ತಿ ಪಂಕ್ತಿನೇ ತಿರುಗ್ ನೋಡ್ತು. ನೋಡ್ಲಿ ಬುಡು. ಸಾರು ಹಾಕಿಸ್ಕಂಡೆ, ಎರಡು ಸಲ."

ನಾನು ಜರಿಯ ಉಂಡೆ ಕೆಳಗಿಟ್ಟು ಕೇಳಿದೆ. ಕಣ್ಣು ತುಂಬಿ ಬಂತು, ಒರೆಸಿಕೊಂಡೆ. ಆಮೇಲೆ ಚಿತ್ರ ಅಲುಗಿತು. ಅಕ್ಕ ನನ್ನ ಮುಖ ಆಡುವುದನ್ನು ಕಂಡು ಮುಂದಕ್ಕೆ ಬಾಗಿದಳು.

"ಬಂದ್ಯಾ? ಎಲ್ಲೀಗಂಟ ಕೇಳಿಸ್ತು ಹೇಳು, ಅಲ್ಲಿಂದ ಮತ್ತೆ ಹೇಳ್ತೀನಿ."

"ಏನೂ ಕೇಳಿಸ್ಲಿಲ್ಲ ಕಣಕ್ಕ," ಎಂದೆ, ತುಟಿ ಚೆನ್ನಾಗಿ ಕಾಣುವಂತೆ. "ಮೊದಲಿಂದ ಹೇಳು."