ಹದಿನಾಲ್ಕನೇ ಗೆರೆಯ ನೀರು

ಬೆಳಗಿನ ಐದೂಮುಕ್ಕಾಲು. ಬಸ್ ಡಿಪೋದ ಹಿಂಗೋಡೆಗೂ ಬಾಗಿಲು ಮುಚ್ಚಿದ ನೂಲಿನ ಗಿರಣಿಗೂ ನಡುವಿನ ಜೌಗಿನಲ್ಲಿ, ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬರು ಒಂದು ಗೂಟದ ಮುಂದೆ ಬಗ್ಗಿ ನಿಂತಿದ್ದಾರೆ. ಗೂಟ ನೀರಿನಲ್ಲಿ ನೆಟ್ಟದ್ದು. ಅದರ ಮೈಮೇಲೆ ಬೆರಳಗಲಕ್ಕೊಂದರಂತೆ ಇಪ್ಪತ್ತು ಕೆಂಪು ಗೆರೆ. ಹೆಂಗಸು ಕನ್ನಡಕವನ್ನು ಹಣೆಗೇರಿಸಿ, ಮೂಗು ನೀರಿಗೆ ತಾಗುವಷ್ಟು ಹತ್ತಿರ ಹೋಗಿ, ಗೂಟದ ಜೊತೆ ಜಗಳಕ್ಕೆ ನಿಂತವರಂತೆ ದಿಟ್ಟಿಸುತ್ತಾರೆ.

“ಆರು,” ಎನ್ನುತ್ತಾರೆ ಕೊನೆಗೆ. ಪುಸ್ತಕದಲ್ಲಿ ಬರೆದುಕೊಂಡು ಮತ್ತೊಮ್ಮೆ ಬಗ್ಗುತ್ತಾರೆ. “ಆರೇ. ಆದ್ರೆ ಇದು ಬೆಳಗಿನ ಆರು. ಸಂಜೆ ಏನು ಹೇಳುತ್ತೋ ಗೊತ್ತಿಲ್ಲ. ನಾನೀಗ ಈ ಗೂಟಾನ ನಂಬೋದು ಬಿಟ್ಟಿದ್ದೀನಿ.”

ಜೊಂಡಿನ ಹಿಂದೆ ಎಲ್ಲೋ ಒಂದು ನೀರುಕೋಳಿ ಕೆಮ್ಮಿದಂತೆ ಕೂಗುತ್ತದೆ. ಡಿಪೋದಲ್ಲಿ ಮೊದಲ ಬಸ್ಸು ಅದಕ್ಕಿಂತ ಜೋರಾಗಿ ಕೆಮ್ಮುತ್ತದೆ. ಹೆಂಗಸು ಎರಡಕ್ಕೂ ತಲೆ ಎತ್ತುವುದಿಲ್ಲ. ಅವರ ತಲೆಯಲ್ಲಿ ಸದ್ಯಕ್ಕೆ ಇರುವುದು ಒಂದೇ ಪ್ರಶ್ನೆ: ಈ ನೀರು ಯಾರದು?

ಊರಿನ ಆಡಳಿತ ಕಚೇರಿಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಜೌಗು ರಕ್ಷಣೆಯ ವಿಭಾಗವಿದೆ. ವಿಭಾಗವೆಂದರೆ ಎರಡು ಮೇಜು, ಬಾಗಿಲು ಸರಿಯಾಗಿ ಹಾಕಿಕೊಳ್ಳದ ಒಂದು ಬೀರು, ಒಬ್ಬ ಗುಮಾಸ್ತ ಮತ್ತು ಇವರು. ಪಟ್ಟಿಯಲ್ಲಿರುವ ನಲವತ್ತೊಂದು ಜೌಗುಗಳಲ್ಲಿ ಯಾವುದರಿಂದಲೇ ಆಗಲಿ, ನೂರು ಹೆಜ್ಜೆಯೊಳಗೆ ಚರಂಡಿ ತೋಡಬೇಕಾದರೆ, ಕೇಬಲ್ ಎಳೆಯಬೇಕಾದರೆ, ಹಳೆಯದನ್ನು ಕೆಡವಿ ಹೊಸದು ಕಟ್ಟಬೇಕಾದರೆ ಫೈಲು ಇಲ್ಲಿಗೆ ಬರಬೇಕು. ಇವರು ಹೋಗಿ, ನೋಡಿ, ಅಳೆದು, ನಮೂನೆ ತುಂಬುತ್ತಾರೆ. ತಿಂಗಳಿಗೊಮ್ಮೆ ಸಮಿತಿ ಕೂತು ಅದನ್ನು ಓದಿ ಹೂಂ ಅಥವಾ ಊಹೂಂ ಅನ್ನುತ್ತದೆ. ಹುದ್ದೆಯ ಹೆಸರು ಸ್ಥಳ ಪರಿಶೀಲಕಿ. ಊರು ಕರೆಯುವುದು ಕಪ್ಪೆಯಕ್ಕ ಅಂತ.

ಹುದ್ದೆ ಸಿಕ್ಕ ಕಥೆ ಅವರೇ ಹೇಳಬೇಕು. “ಮೊದಲು ನಾನು ತೆರಿಗೆ ವಿಭಾಗದಲ್ಲಿ ಕಾಗದ ಜೋಡಿಸ್ತಿದ್ದೆ. ಇಲ್ಲಿದ್ದವರು ಬಿಟ್ಟು ಹೋದ್ರು. ಹೋಗುವಾಗ ಬೂಟು ಇಟ್ಟು ಹೋದ್ರು. ಕಚೇರೀಲಿ ಎಲ್ರೂ ಕಾಲು ಹಾಕಿ ನೋಡಿದ್ರು. ನನಗೆ ಮಾತ್ರ ಹಿಡಿಸ್ತು. ಅಷ್ಟೇ ಸಂದರ್ಶನ.”

ಅದಾಗಿ ಹತ್ತೊಂಬತ್ತು ವರ್ಷ. ಈಗ ಕಾಲಲ್ಲಿರುವುದು ಐದನೇ ಜೊತೆ ಬೂಟು. ತುಂಬಿದ ನಮೂನೆಗಳು ಆರುನೂರ ಹನ್ನೆರಡು. ದಿನಕ್ಕೆ ಏಳೆಂಟು ಕಿಲೋಮೀಟರ್ ನಡಿಗೆ, ಅದರಲ್ಲಿ ಅರ್ಧ, ಹೆಜ್ಜೆ ಇಟ್ಟಲ್ಲಿ ನಿಲ್ಲದ ನೆಲ. ಜಿಗಣೆ ಕಚ್ಚಿದ್ದನ್ನು ಲೆಕ್ಕವಿಡುವುದು ಮೂರನೇ ವರ್ಷದಲ್ಲೇ ಬಿಟ್ಟಿದ್ದಾರೆ. ಬೈಗುಳದ ಲೆಕ್ಕವನ್ನು ಅದಕ್ಕೂ ಮೊದಲೇ ಬಿಟ್ಟಿದ್ದಾರೆ. ಕೇಬಲ್ ಗುತ್ತಿಗೆದಾರನೊಬ್ಬ ಮಾತ್ರ ನೆನಪಿನಲ್ಲಿದ್ದಾನೆ. “ಅಕ್ಕಾ, ನಿಮ್ಮ ಕಪ್ಪೆಗೆ ಇಂಟರ್‌ನೆಟ್ ಬೇಡ್ವಾ?” ಎಂದು ಹತ್ತು ಜನರೆದುರು ಕೇಳಿದ್ದನಂತೆ. “ಬೇಡಪ್ಪ, ಅವು ಈಗ್ಲೇ ರಾತ್ರಿಯೆಲ್ಲ ಮಾತಾಡ್ತವೆ,” ಎಂದು ಇವರು ಕೇಬಲ್ಲನ್ನು ಮೂವತ್ತು ಹೆಜ್ಜೆ ಆಚೆಗೆ ಸರಿಸಿದ್ದರು.

ನಲವತ್ತೊಂದರಲ್ಲಿ ಅವರಿಗೆ ಹೆಚ್ಚು ಹೆಮ್ಮೆ ಇದ್ದದ್ದು ಈ ಗಿರಣಿ ಜೌಗಿನ ಮೇಲೆ. ಉಳಿದವು ಬೇಸಿಗೆಯಲ್ಲಿ ಬಿರುಕು ಬಿಡುತ್ತವೆ. ಇದು ಬಿಡುವುದಿಲ್ಲ. ಸುತ್ತಲಿನ ಬಾವಿಗಳೆಲ್ಲ ತಳ ಕಂಡ ವರ್ಷವೂ ಇಲ್ಲಿನ ನೀರು ಹದಿನಾಲ್ಕನೇ ಗೆರೆಯಿಂದ ಕದಲಲಿಲ್ಲ. ನಮೂನೆಯಲ್ಲಿ ‘ನೀರಿನ ಮೂಲ’ ಎಂಬ ಕಾಲಂ ಇದೆ, ಒಂದು ಪದ ಹಿಡಿಸುವಷ್ಟು ಅಗಲ. ಹತ್ತೊಂಬತ್ತು ವರ್ಷವೂ ಅವರು ಅಲ್ಲಿ ‘ಒರತೆ’ ಎಂದು ಬರೆದರು. ಆ ಒಂದು ಪದ ಗಿರಣಿ ಕೆಡವಿ ಮನೆ ಕಟ್ಟಲು ಬಂದವರನ್ನು ಎರಡು ಸಲ ವಾಪಸು ಕಳಿಸಿದೆ.

ನಿಯಮದ ಪ್ರಕಾರ ನೀರನ್ನು ಅಳೆಯಬೇಕಾದ್ದು ಸೂರ್ಯ ಹುಟ್ಟುವ ಹೊತ್ತಿಗೆ, ಬಿಸಿಲು ತಾಗುವ ಮೊದಲು. ನಿಯಮ ಒಳ್ಳೆಯದೇ. ಇವರು ಒಂದು ದಿನವೂ ತಪ್ಪಿಸಲಿಲ್ಲ. ಎಡವಟ್ಟಾದದ್ದು ಅಲ್ಲೇ.

ಎರಡು ತಿಂಗಳ ಹಿಂದೆ ಗಿರಣಿ ಜೌಗಿನ ಸುತ್ತ ಒಂದೇ ವಾರದಲ್ಲಿ ಮೂರು ಅರ್ಜಿ ಬಂದವು. ಡಿಪೋದವರಿಗೆ ಮಳೆನೀರು ಬಿಡಲು ಜೌಗಿನ ಕಡೆಗೊಂದು ಚರಂಡಿ ಬೇಕು. ನೀರು ಸರಬರಾಜಿನವರಿಗೆ ಗಿರಣಿ ಗೋಡೆಯ ಬುಡದ ಹಳೇ ಪೈಪು ಬದಲಿಸಬೇಕು. ಗಿರಣಿಯ ಹೊಸ ಮಾಲೀಕರಿಗೆ, ಮೂರನೇ ಸಲ, ಅಲ್ಲಿ ಮನೆಗಳನ್ನು ಕಟ್ಟಬೇಕು. ಒಬ್ಬರಿಗೆ ಜೌಗಿಗೆ ನೀರು ಹಾಕುವ ಆಸೆ, ಇನ್ನೊಬ್ಬರಿಗೆ ಅಲ್ಲಿ ನೀರೇ ಇರಬಾರದೆಂಬ ಆಸೆ. ಪೈಪಿನವರ ಅರ್ಜಿಯಲ್ಲಿ ಒಂದು ವಾಕ್ಯವಿತ್ತು: ‘ಈ ಮಾರ್ಗದಲ್ಲಿ ಮೂರರಲ್ಲೊಂದು ಪಾಲು ನೀರು ನಷ್ಟವಾಗುತ್ತಿದ್ದು, ಎಲ್ಲಿಗೆ ಹೋಗುತ್ತಿದೆ ಎಂಬುದು ತಿಳಿದುಬಂದಿಲ್ಲ.’ ಎಲ್ಲಿಗೆ ಹೋಗುತ್ತದೋ ತಿಳಿಯದ ನೀರಿನ ಫೈಲು, ಎಲ್ಲಿಂದ ಬರುತ್ತದೋ ಯಾರೂ ಕೇಳದ ನೀರಿನ ಫೈಲಿನ ಕೆಳಗಿನ ಖಾನೆಯಲ್ಲಿ ಒಂದು ವಾರ ತಣ್ಣಗೆ ಮಲಗಿತ್ತು.

ಆ ವಾರವೇ ಕಪ್ಪೆಯಕ್ಕ ಜೌಗಿನ ದಂಡೆಯಲ್ಲಿ ಕನ್ನಡಕ ಮರೆತು ಬಂದರು. ಹುಡುಕಿಕೊಂಡು ಸಂಜೆ ನಾಲ್ಕಕ್ಕೆ ಹೋದರು. ಕನ್ನಡಕ ಸಿಕ್ಕಿತು, ಹಾಕಿಕೊಂಡರು, ಗೂಟ ನೋಡಿದರು. ನೀರು ಹನ್ನೊಂದನೇ ಗೆರೆಯಲ್ಲಿತ್ತು.

“ಮೊದಲು ಗೂಟದ ಮೇಲೆ ಅನುಮಾನ ಬಂತು. ಯಾರೋ ಎತ್ತಿ ನೆಟ್ಟಿದ್ದಾರೆ ಅಂದ್ಕೊಂಡೆ. ಅಲ್ಲಾಡಿಸಿ ನೋಡಿದೆ, ಕಲ್ಲಿನ ಹಾಗಿತ್ತು. ಆಮೇಲೆ ಕನ್ನಡಕದ ಮೇಲೆ. ಆಮೇಲೆ ನನ್ನ ಮೇಲೇ.” ಮರುದಿನ ಬೆಳಗ್ಗೆ ಹೋದರೆ ಎಂದಿನಂತೆ ಹದಿನಾಲ್ಕು. ಸಂಜೆ ಹನ್ನೊಂದು. ಐದು ದಿನ ಹೀಗೇ. ಕಚೇರಿಯ ಕ್ಯಾಲೆಂಡರಿನ ಬೆನ್ನಿನಲ್ಲಿ ಅಂಕಿಗಳನ್ನು ಬರೆದು, ಅದನ್ನು ತಲೆಕೆಳಗು ಮಾಡಿಯೂ ನೋಡಿದರು. ತಲೆಬುಡ ತಿಳಿಯಲಿಲ್ಲ.

ತಿಳಿದದ್ದು ಮನೆಯಲ್ಲಿ, ಮಧ್ಯಾಹ್ನದ ಊಟಕ್ಕೆ ಕೂತಾಗ. ಮನೆಯಲ್ಲಿ ಅವರ ಜೊತೆಗಿರುವವರು ಮೈದುನ. ಊರಿನ ನಲ್ಲಿಗಳಿಗೆ ನೀರು ಬಿಡುವ ವಾಲ್ವ್‌ಮ್ಯಾನ್. ಗಂಡ ಲಾರಿ ಚಾಲಕರು, ತಿಂಗಳಿಗೆ ಎಂಟು ದಿನ ಮನೆಯಲ್ಲಿದ್ದರೆ ಹೆಚ್ಚು.

“ಊಟ ಆರಿಹೋಗ್ತಿದೆ ಅತ್ತಿಗೆ. ತಟ್ಟೇಲೂ ಗೆರೆ ಎಣಿಸ್ತಿದ್ದೀರಾ?”

“ಬೆಳಗ್ಗೆ ಹದಿನಾಲ್ಕು, ಸಂಜೆ ಹನ್ನೊಂದು. ಜೌಗು ಏನು ಉಸಿರಾಡುತ್ತಾ?”

“ಇಳಿಯೋಕೆ ಶುರುವಾಗೋದು ಯಾವಾಗ?”

“ಎಂಟು ದಾಟಿದ ಮೇಲೆ. ನಿನ್ನೆ ಅಲ್ಲೇ ಕೂತು ನೋಡಿದೆ.”

ಮೈದುನನ ಕೈಯ ತುತ್ತು ಅರ್ಧದಲ್ಲೇ ನಿಂತಿತು. “ಏರೋದು?”

“ನಾನು ಹೋಗೋ ಹೊತ್ತಿಗೆ ಏರಿರುತ್ತೆ.”

“ಅತ್ತಿಗೆ, ಗಿರಣಿ ಗೋಡೆ ಪಕ್ಕದ ಲೈನು ನಾನು ಬೆಳಗಿನ ಜಾವ ನಾಲ್ಕಕ್ಕೆ ತೆಗೀತೀನಿ. ಎಂಟಕ್ಕೆ ನಿಲ್ಲಿಸ್ತೀನಿ.” ಹಿಡಿದ ತುತ್ತು ತಟ್ಟೆಗೆ ಮರಳಿತು. ಆಮೇಲೆ ಮೈದುನ ಮೆಲ್ಲಗೆ ಅಂದರು: “ನಿಮ್ಮ ಒರತೆ ನಾನೇ ಅನ್ಸುತ್ತೆ.”

ಅತ್ತಿಗೆ ನಗಲಿಲ್ಲ. ನಗು ಬಂದದ್ದು ಎರಡು ದಿನದ ಮೇಲೆ, ಕೊಡ ತೊಳೆಯುವಾಗ. ಅವರ ಮನೆ ಇರುವುದೂ ಅದೇ ಲೈನಿನ ಕೊನೆಯಲ್ಲಿ. “ನಮ್ಮ ನಲ್ಲಿ ಯಾಕೆ ದಾರದಷ್ಟು ಸಣ್ಣ ಬರುತ್ತೆ ಅಂತ ಇಷ್ಟು ವರ್ಷ ಮೈದುನನ್ನ ಬೈದೆ. ನಮ್ಮ ಪಾಲಿನ ನೀರು ನನ್ನ ಕಪ್ಪೆಗಳ ಹತ್ರವೇ ಇತ್ತು.”

ನಗುವಿನ ಹಿಂದೆಯೇ ಕಾಲಂ ನೆನಪಾಯಿತು. ಈಗ ಅಲ್ಲಿ ಏನು ಬರೆಯುವುದು? ಒರತೆ ಎಂದೇ ಬರೆದರೆ ಪೈಪು ಬದಲಿಸಲು ಸಮಿತಿ ಕಣ್ಣುಮುಚ್ಚಿ ಒಪ್ಪುತ್ತದೆ, ಜೌಗು ಯಾರಿಗೂ ಕಾರಣ ತಿಳಿಯದಂತೆ ಒಣಗುತ್ತದೆ. ಪೈಪು ಎಂದು ಬರೆದರೆ ಗಿರಣಿ ಮಾಲೀಕರು ಇದು ಜೌಗೇ ಅಲ್ಲ ಎನ್ನುತ್ತಾರೆ, ಪಟ್ಟಿಯಿಂದ ತೆಗೆಸುತ್ತಾರೆ. ಹಾಗೆಂದು ಜನರ ನಲ್ಲಿಯ ನೀರು ಜೊಂಡಿಗೇ ಹರಿಯಲಿ ಅನ್ನಲು ಕೊಡ ಹೊತ್ತವರಿಗೆ ಬಾಯಿ ಬರುವುದಿಲ್ಲ. ಎತ್ತ ತಿರುಗಿದರೂ ಕಾಲು ಹೂತುಕೊಳ್ಳುತ್ತಿತ್ತು. ಇಂಥ ನೆಲದ ಅಭ್ಯಾಸವಿದ್ದ ಅವರಿಗೂ ಕೀಳುವ ಬಗೆ ತಿಳಿಯಲಿಲ್ಲ.

ಗುಮಾಸ್ತ ದಾರಿ ತೋರಿಸಿದ. “ಮೇಡಂ, ಒರತೆ ಅಂತ ಹಾಕಿ ಮುಗಿಸಿ. ಆ ಕಾಲಂ ಯಾರೂ ಓದಲ್ಲ. ನಾನೇ ಓದಲ್ಲ.”

“ನಾನು ಓದ್ತೀನಲ್ಲಪ್ಪ.”

ಅವರು ‘ಸೋರುವ ಪೈಪು’ ಎಂದು ಬರೆದರು. ಕೆಳಗೆ, ಹಿಂದಿನ ನಮೂನೆಗಳಲ್ಲಿ ಈ ಕಾಲಂ ತಪ್ಪಾಗಿದೆ ಎಂದು ಸೇರಿಸಿ ಸಹಿ ಹಾಕಿದರು. ಆ ದಿನ ಕಚೇರಿಯಿಂದ ಮನೆಗೆ ಹೋಗುವಾಗ ಬೂಟನ್ನು ಕೋಣೆಯಲ್ಲೇ ಬಿಟ್ಟು ಹೋಗಿದ್ದರಂತೆ. ಇನ್ನು ಬೇಕಾಗುತ್ತದೋ ಇಲ್ಲವೋ ಅನ್ನಿಸಿತ್ತು.

ಸಭೆಯಲ್ಲಿ ಅಂದುಕೊಂಡದ್ದೇ ಆಯಿತು. ಗಿರಣಿ ಮಾಲೀಕರು ಎದ್ದು ನಿಂತರು. “ಸೋರೋ ಪೈಪನ್ನ ಇಷ್ಟು ವರ್ಷ ಕಾದಿದ್ದೀರಲ್ಲ ಮೇಡಂ. ನಮ್ಮ ಮನೆ ಬಚ್ಚಲೂ ಸೋರುತ್ತೆ, ಬಂದು ಗೂಟ ನೆಡ್ತೀರಾ?” ಕೋಣೆ ನಕ್ಕಿತು. ಪೈಪಿನವರೂ ನಕ್ಕರು, ಅವರು ನಗಬಾರದಿತ್ತು.

ಕಪ್ಪೆಯಕ್ಕನಿಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ. ಎದ್ದರು, ಕನ್ನಡಕ ಹಣೆಗೇರಿಸಿದರು. “ಬಚ್ಚಲಲ್ಲಿ ಕಪ್ಪೆ ಸಂಸಾರ ಹೂಡಿದ್ರೆ ಹೇಳಿ ಸರ್, ಬರ್ತೀನಿ. ನೀರು ಸೋರಿರಬಹುದು. ಕಪ್ಪೆ ಸೋರಿಲ್ಲ. ಅವು ತಾವಾಗೇ ಬಂದಿವೆ.”

ಸಮಿತಿಯ ಅಧ್ಯಕ್ಷೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಗದ್ದಲವಾದಾಗ ಪುಸ್ತಕ ತೆರೆಯುವುದು ಅವರ ಹಳೇ ಅಭ್ಯಾಸ. ನಿಯಮದ ಪುಸ್ತಕ ತೆರೆದು ಗಟ್ಟಿಯಾಗಿ ಓದಿದರು: ವರ್ಷದಲ್ಲಿ ಆರು ತಿಂಗಳು ನೀರು ನಿಲ್ಲುವ ನೆಲ ಜೌಗು. “ಯಾರ ನೀರು ಅಂತ ಇದರಲ್ಲಿ ಕೇಳಿಲ್ಲವಲ್ಲ?” ಎಂದು ಹಿಂದಿನ ಪುಟ, ಮುಂದಿನ ಪುಟ ತಿರುವಿದರು. ಇರಲಿಲ್ಲ. ಡಿಪೋದ ಮಳೆನೀರನ್ನೇ ಜೌಗಿಗೆ ಬಿಟ್ಟರಾಗದೇ ಎಂದು ಕೇಳಿ ನೋಡಿದರು. ಕಪ್ಪೆಯಕ್ಕ ತಲೆಯಾಡಿಸಿದರು. ಆ ನೀರಿನಲ್ಲಿ ಎಣ್ಣೆ ಇರುತ್ತದೆ. ಚರಂಡಿ ಫೈಲು ಹಾಗೇ ಬದಿಗೆ ಸರಿಯಿತು.

ಎರಡು ಗಂಟೆಯ ಮೇಲೆ ಒಂದು ತೀರ್ಮಾನ ಬಂತು. ಗಿರಣಿ ಲೈನನ್ನು ಹನ್ನೆರಡು ದಿನ ಪೂರ್ತಿ ಮುಚ್ಚುವುದು, ಆ ಮನೆಗಳಿಗೆ ಪಕ್ಕದ ಲೈನಿನಿಂದ ನೀರು ಕೊಡುವುದು. ಅಳತೆ ಬೆಳಗ್ಗೆಯೂ ಸಂಜೆಯೂ ಆಗಬೇಕು. ಹನ್ನೆರಡನೇ ಸಂಜೆ ನೀರು ಮೂರನೇ ಗೆರೆಗಿಂತ ಕೆಳಗಿದ್ದರೆ ಜೌಗು ಪಟ್ಟಿಯಿಂದ ಹೊರಕ್ಕೆ, ಮೇಲಿದ್ದರೆ ಒಳಗೆ. ಪೈಪು ಹೇಗಿದ್ದರೂ ಬದಲಾಗಲಿ.

ಮೊದಲ ಸಂಜೆ ಹನ್ನೊಂದು. ಮೂರನೇ ದಿನ ಒಂಬತ್ತು. ಐದನೇ ದಿನ ಏಳು. ಗಿರಣಿ ಕಡೆಯ ದಂಡೆ ಹದಿನೈದು ಹೆಜ್ಜೆಯಷ್ಟು ಒಣಗಿ ಬಿರಿಯಿತು, ಜೊಂಡು ಹಳದಿಯಾಯಿತು, ಅಲ್ಲಿ ಗೂಡು ಕಟ್ಟಿದ್ದ ಒಂದು ಜೊತೆ ನೀರುಕೋಳಿ ಕಾಣೆಯಾಯಿತು. ಮಾಲೀಕರು ಕಾರಿನಲ್ಲಿ ಬಂದು, ಇಳಿಯದೆ, ನೋಡಿಕೊಂಡು ಹೋದರು. ಏಳನೇ ದಿನ ಆರು. ಎಂಟನೇ ದಿನವೂ ಆರು. ಒಂಬತ್ತಕ್ಕೂ ಆರು. ಕಡುಬೇಸಿಗೆ, ಮಳೆಯ ಸುಳಿವಿಲ್ಲ, ಪೈಪಿನಲ್ಲಿ ಹನಿ ನೀರಿಲ್ಲ. ಗೂಟದ ಬುಡದಲ್ಲಿ ನೀರು ಮಾತ್ರ ಹಠ ಹಿಡಿದು ಕೂತಿದೆ. ಬಸ್ಸು ತೊಳೆದ ನೀರೇ ಎಂದು ಮೂಸಿ ನೋಡಿದ್ದಾರೆ. ಸೋಪಿನ ವಾಸನೆಯಿಲ್ಲ, ಎಣ್ಣೆಯ ಬಣ್ಣವಿಲ್ಲ. ಈ ಬೆಳಗು ಹನ್ನೆರಡನೆಯದು.

ಸಂಜೆ ನಾಲ್ಕಕ್ಕೆ ಅವರು ಮತ್ತೆ ಬರುತ್ತಾರೆ. ಬಿಸಿಲು ಇನ್ನೂ ಗಿರಣಿಯ ಗೋಡೆ ಬಿಟ್ಟು ಇಳಿದಿಲ್ಲ. ಮೈದುನ ಸೈಕಲ್ಲನ್ನು ದಂಡೆಗೆ ಒರಗಿಸಿ ಮೊದಲೇ ಕಾದಿದ್ದಾರೆ.

“ಮುಚ್ಚಿದ್ದೀಯಾ ತಾನೇ?”

“ಹನ್ನೆರಡು ದಿನದಿಂದ ಇದೇ ಕೇಳ್ತಿದ್ದೀರಾ ಅತ್ತಿಗೆ. ತಗೊಳ್ಳಿ, ವಾಲ್ವ್ ಕೀಲಿ ನೀವೇ ಇಟ್ಕೊಳ್ಳಿ.” ಎರಡು ಕೈಯಲ್ಲಿ ಹಿಡಿಯುವಂಥ ಕಬ್ಬಿಣದ ಕೀಲಿ. ಅವರು ನಿಜಕ್ಕೂ ಇಸಿದುಕೊಂಡು ಚೀಲದ ಪಕ್ಕ ಇಡುತ್ತಾರೆ.

ಬಗ್ಗುತ್ತಾರೆ. ಕನ್ನಡಕ ಹಣೆಗೇರುತ್ತದೆ. ತುಂಬ ಹೊತ್ತು ನೋಡುತ್ತಾರೆ.

“ಆರು.”

“ಹಾಗಾದ್ರೆ ಉಳೀತು!” ಎನ್ನುತ್ತಾರೆ ಮೈದುನ. “ಮತ್ತೆ ಮುಖ ಯಾಕೆ ಹಾಗೆ?”

“ಉಳೀತು. ಆದ್ರೆ ಇದು ಯಾರ ನೀರು?”

“ಈ ಆರು ನಂದಲ್ಲ. ಇನ್ಯಾವ ಮೈದುನ ಇದ್ದಾನೋ ಹುಡುಕ್ಕೊಳ್ಳಿ.”

ದಂಡೆಯ ಕಲ್ಲಿನ ಮೇಲೆ ಕೂತು, ತೊಡೆಯ ಮೇಲೆ ನಮೂನೆ ಹರಡಿ, ಅವರು ಬರೆಯತೊಡಗುತ್ತಾರೆ. ‘ಎಂಟು ಬೆರಳು ಪೈಪಿನದು. ಆರು ಬೆರಳು ಎಲ್ಲಿಯದೋ ಗೊತ್ತಿಲ್ಲ. ಒರತೆ ಇರಬಹುದು. ಮೊದಲೂ ಹಾಗೇ ಅಂದುಕೊಂಡಿದ್ದೆ.’ ಕಾಲಂ ತುಂಬಿ, ಅಕ್ಷರಗಳು ಅಂಚಿಗೆ ಇಳಿದು, ಅಲ್ಲಿಂದ ಕಾಗದದ ಬದಿ ಹಿಡಿದು ಮೇಲಕ್ಕೆ ಹತ್ತುತ್ತವೆ. ಜೊಂಡಿನ ಬುಡದಲ್ಲಿ ಒಂದು ಕಪ್ಪೆ ಗಂಟಲು ಸರಿಮಾಡಿಕೊಳ್ಳುತ್ತದೆ.

ಇಷ್ಟು ವರ್ಷದ ಕೆಲಸಕ್ಕೆ ಏನಾದರೂ ಕೇಳುವುದಿದ್ದರೆ ಏನು ಕೇಳುತ್ತೀರಿ ಎಂದರೆ, ಅವರು ಹೊಸ ಬೂಟು ಎನ್ನಬಹುದೆಂದು ಮೈದುನ ಕಾಲಿನ ಕಡೆ ನೋಡುತ್ತಾರೆ. ಅವರು ನಮೂನೆಯನ್ನು ಬೆಳಕಿಗೆ ಹಿಡಿಯುತ್ತಾರೆ.

“ನೀರಿನ ಮೂಲ ಅಂತ ಇದೆಯಲ್ಲ, ಈ ಕಾಲಮ್ಮನ್ನ ಸ್ವಲ್ಪ ಅಗಲ ಮಾಡಿಸಿದ್ರೆ ಸಾಕು. ಗೊತ್ತಿಲ್ಲ ಅಂತ ಬರೆಯೋಕೂ ಜಾಗ ಬೇಕಲ್ವಾ?”